ಬಾಂದುಕಲ್ಲಿನ ಜಗಳ ಬಿಡಿಸಿದವರನ್ನೇ ಕಳಿಸೋಣ

ಶಿಕಾರಿಪುರದಲ್ಲಿರುವ ನನ್ನ ಸೋದರಳಿಯ ಈಚೆಗೆ ಊರಿಗೆ ಬಂದವನು ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದ. ಯುದ್ಧದಿಂದ ನೊಂದ ದೇಶಕ್ಕೆ ಹೋಗಿ ಎರಡು ವಾರ ಶಾಂತಿ ಸ್ಥಾಪನೆಯ ಸ್ವಯಂಸೇವಕರಾಗಿ, ಪ್ರಮಾಣಪತ್ರ ಪಡೆಯಿರಿ ಎಂದು ಅದರಲ್ಲಿತ್ತು. ವಿಮಾನದ ಟಿಕೆಟ್ ಬಿಟ್ಟು ಶುಲ್ಕವೇ ಒಂದು ಲಕ್ಷ ದಾಟುತ್ತಿತ್ತು. "ಮಾವ, ನೀವು ಅಂಥ ದೇಶ ನೋಡಿ ಬಂದವರು. ಹೋಗ್ಲಾ ಬೇಡ್ವಾ, ನೀವೇ ಹೇಳಿ. ಶುಂಠಿ ದುಡ್ಡಲ್ಲಿ ಕೊಡ್ತೀನಿ ಅಂತ ಅಪ್ಪ ಒಪ್ಪಿದಾರೆ" ಎಂದ.

ಅವನಿಗೆ ಹೇಳಿದ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಶಿಕಾರಿಪುರ, ಸೊರಬ ಎಂಬ ನಮ್ಮ ಎರಡು ತಾಲ್ಲೂಕುಗಳಲ್ಲಿ ಪದವಿ ಮುಗಿಸಿ ಏನಾದರೂ ಒಳ್ಳೆಯ ಕೆಲಸ ಮಾಡಬೇಕೆಂದು ಹಂಬಲಿಸುವ ಹುಡುಗ ಹುಡುಗಿಯರು ಅನೇಕರಿದ್ದಾರೆ. ಹೊರದೇಶಕ್ಕೆ ಹೋಗಿ ಜಗಳ ತಡೆಯುವ, ಮನಸ್ಸುಗಳನ್ನು ಕೂಡಿಸುವ ಕೆಲಸ ಮಾಡುತ್ತೇನೆ ಎನ್ನುವವರನ್ನು ಯಾರೂ ಹಂಗಿಸಬಾರದು. ಆದರೆ ದುಡ್ಡು ಕೊಟ್ಟು ಎರಡು ವಾರಕ್ಕೆ ಹೋಗುವ ದಾರಿ ತಪ್ಪು. ಶಾಂತಿಯ ಕೆಲಸ ಒಂದು ಕಸುಬು. ಆ ಕಸುಬನ್ನು ಶಿಕಾರಿಪುರದಲ್ಲೂ ಸೊರಬದಲ್ಲೂ ಕಲಿಯಬಹುದು, ಕಲಿಸಬಹುದು. ಕಲಿತವರನ್ನೇ ಕಳಿಸಬೇಕು.

ನಾನು ಸೊರಬ ತಾಲ್ಲೂಕಿನ ಆನವಟ್ಟಿ ಕಡೆಯವನು. ಭಾರತೀಯ ಸೇನೆಯ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದೆ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ಭಾರತ ಕಳಿಸಿದ ತುಕಡಿಯೊಂದಿಗೆ ಪೂರ್ವ ಕಾಂಗೋದ ಗೋಮಾ ನಗರಕ್ಕೆ ಹೋಗಿ, ಅಲ್ಲಿ ನಮ್ಮ ಸೇನೆ ನಡೆಸುತ್ತಿದ್ದ ಆಸ್ಪತ್ರೆಯಲ್ಲಿ ಕೆಲಸ ಮಾಡಿದೆ. ಊರಿನ ಒಂದು ಕಡೆ ಕಿವು ಸರೋವರ, ಇನ್ನೊಂದು ಕಡೆ ನೈರಾಗೊಂಗೊ ಜ್ವಾಲಾಮುಖಿ. 2002ರಲ್ಲಿ ಆ ಬೆಟ್ಟದ ಲಾವಾ ಊರಿನ ನಡುವೆಯೇ ಹರಿದಿತ್ತು. ಅದು ಆರಿ ಉಳಿದ ಕಪ್ಪು ಕಲ್ಲಿನಿಂದಲೇ ಜನ ಮನೆಯ ಕಾಂಪೌಂಡ್ ಕಟ್ಟಿಕೊಂಡಿದ್ದರು. ಪಶ್ಚಿಮಕ್ಕೆ ಮಸೀಸಿ ಬೆಟ್ಟಗಳು: ಶ್ರಾವಣದ ನಮ್ಮ ಮಲೆನಾಡಿನಷ್ಟೇ ಹಸಿರು, ಆಲೂಗಡ್ಡೆ, ಹುರುಳಿಕಾಯಿ, ಮೇಯುವ ದನ.

ಗುಂಡು ತಾಗಿದವರು, ಮಚ್ಚಿನೇಟು ತಿಂದವರು ಆಸ್ಪತ್ರೆಗೆ ಬರುತ್ತಿದ್ದರು. ಗಾಯ ಕಟ್ಟುತ್ತಾ ದುಭಾಷಿಯ ಮೂಲಕ ವಿಚಾರಿಸಿದರೆ ಹೆಚ್ಚಿನ ಗಾಯಗಳ ಹಿಂದೆ ಜಮೀನಿರುತ್ತಿತ್ತು. ಬೆಲ್ಜಿಯಂ ಆಳ್ವಿಕೆಯ ಕಾಲದಲ್ಲಿ ರುವಾಂಡಾದಿಂದ ಸಾವಿರಾರು ಕುಟುಂಬಗಳನ್ನು ತೋಟದ ದುಡಿಮೆಗೆಂದು ಮಸೀಸಿಗೆ ತಂದು ನೆಲೆಗೊಳಿಸಿದರು. 1994ರಲ್ಲಿ ರುವಾಂಡಾದ ನರಮೇಧದ ಬಳಿಕ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಬಂದರು. ಈ ನೆಲ ಯಾರದು, ಮೊದಲು ಉತ್ತವರು ಯಾರು, ಕಾಗದ ಯಾರ ಹತ್ತಿರ ಇದೆ, ದನ ಎಲ್ಲಿ ಮೇಯಬೇಕು ಎಂಬ ಪ್ರಶ್ನೆಗಳು ಅಲ್ಲಿ ಬಂದೂಕು ಹಿಡಿದವರ ಕೈಗೆ ಹೋಗಿದ್ದವು. ಬಗರ್‌ಹುಕುಂ ಅರ್ಜಿ, ಗೋಮಾಳದ ತಕರಾರು, ಕಾನು ಒತ್ತುವರಿ ಎಂಬ ಮಾತುಗಳನ್ನು ಕೇಳುತ್ತಲೇ ಬೆಳೆದ ಸೊರಬದವನಿಗೆ ಆ ಜಗಳ ಪರದೇಶದ್ದು ಅನಿಸಲಿಲ್ಲ.

ಶಾಂತಿಯ ಕೆಲಸ ಎಂದರೇನು ಎಂದು ನನಗೆ ತೋರಿಸಿದವರು ಸಮವಸ್ತ್ರದವರಲ್ಲ. ಪಶ್ಚಿಮ ಆಫ್ರಿಕಾದಿಂದ ವಿಶ್ವಸಂಸ್ಥೆಯ ಸ್ವಯಂಸೇವಕಿಯಾಗಿ ಬಂದಿದ್ದ ಒಬ್ಬ ಹೆಣ್ಣುಮಗಳು. ಸ್ಥಳೀಯ ಸಹಾಯಕನೊಬ್ಬನನ್ನು ಜೊತೆಗಿಟ್ಟುಕೊಂಡು ಆಕೆ ಸಂತೆಗೆ ಹೋಗುತ್ತಿದ್ದರು, ಚರ್ಚಿನ ಅಂಗಳದಲ್ಲಿ ಕೂರುತ್ತಿದ್ದರು, ಊರ ಹಿರಿಯರ ಮನೆಗೆ ಹೋಗಿ ಬರುತ್ತಿದ್ದರು. ಸಂತೆಗೆ ಈ ವಾರ ಯಾವ ಊರಿನವರು ಬರಲಿಲ್ಲ ಎಂದು ಗಮನಿಸುವುದೇ ಅವರ ಮೊದಲ ಕೆಲಸ. ಒಂದು ಊರಿನ ಹೆಂಗಸರು ತರಕಾರಿ ಬುಟ್ಟಿ ಹೊತ್ತು ಬರುವುದನ್ನು ನಿಲ್ಲಿಸಿದರೆ ದಾರಿಯಲ್ಲಿ ಏನೋ ಹೆದರಿಕೆ ಹುಟ್ಟಿದೆ ಎಂದರ್ಥ. ಅದನ್ನು ಗುಂಡು ಹಾರುವ ಮೊದಲೇ ತಿಳಿಯಬೇಕು ಎನ್ನುತ್ತಿದ್ದರು.

ಎರಡು ಊರುಗಳ ನಡುವೆ ದನ ಹೊಡೆದುಕೊಂಡು ಹೋಗುವ ದಾರಿಯ ವಿಷಯಕ್ಕೆ ಜಗಳ ಹತ್ತಿತ್ತು. ಒಬ್ಬನ ಕಾಲಿಗೆ ಮಚ್ಚಿನೇಟು ಬಿದ್ದಿತ್ತು, ಗಾಯಕ್ಕೆ ಹೊಲಿಗೆ ಹಾಕುವಾಗ ನಾನೂ ಇದ್ದೆ. ಆಕೆ ಎರಡೂ ಊರಿಗೆ ಹೋದರು. ತೀರ್ಪು ಹೇಳಲಿಲ್ಲ. ಪ್ರತಿ ಮನೆಯ ಮಾತು ಕೇಳಿ ಬರೆದುಕೊಂಡು, ಬರೆದದ್ದನ್ನು ಅವರಿಗೇ ಓದಿ ಹೇಳಿ, ಸರಿಯೇ ಎಂದು ಕೇಳಿದರು. ಕೊನೆಗೆ ಎರಡೂ ಕಡೆಯ ಮುದುಕರು ಒಟ್ಟಿಗೆ ದಾರಿಯುದ್ದಕ್ಕೂ ನಡೆದು, ಎಲ್ಲಿ ಬೇಲಿ, ಎಲ್ಲಿ ದನದ ಜಾಡು ಎಂದು ಗುರುತು ಹಾಕಿದರು. ಅಲ್ಲಿ ನಾನು ಕಲಿತದ್ದು ಇಷ್ಟು: ಬಂದೂಕು ಜಗಳ ನಿಲ್ಲಿಸಬಲ್ಲದು, ಬಾಂದುಕಲ್ಲು ನೆಡಲಾರದು. ಅದನ್ನು ನೆಡಲು ತಾಳ್ಮೆಯಿರುವ, ಭಾಷೆ ಬಲ್ಲ, ಯಾವ ಪಕ್ಷಕ್ಕೂ ಸೇರದ ಒಬ್ಬರು ತಿಂಗಳುಗಟ್ಟಲೆ ಅಲ್ಲೇ ಇರಬೇಕು.

ಇಂಥ ಸ್ವಯಂಸೇವಕರು ದೊಡ್ಡ ಯುದ್ಧವನ್ನು ತಡೆಯುತ್ತಾರೆ ಎಂದು ನಾನು ಹೇಳುವುದಿಲ್ಲ. ಗೋಮಾ ನಗರ 2012ರ ನವೆಂಬರಿನಲ್ಲಿ ಎಂ23 ಬಂಡುಕೋರರ ವಶವಾಯಿತು, 2025ರ ಜನವರಿಯಲ್ಲಿ ಮತ್ತೊಮ್ಮೆ ವಶವಾಯಿತು. ನೆರೆದೇಶಗಳ ಲೆಕ್ಕಾಚಾರ, ಗಣಿಗಳ ಹಣ, ಸೈನ್ಯಗಳ ಬಲ ಇವನ್ನು ಸಂತೆಯಲ್ಲಿ ಕೂತು ಮಾತಾಡುವವರು ಬದಲಿಸಲಾರರು. ಆದರೆ ಆ ದನದ ದಾರಿಯ ಜಗಳದಲ್ಲಿ ಸಾಯಬೇಕಿದ್ದವರು ಸಾಯಲಿಲ್ಲ. ಶಾಂತಿಯ ಕೆಲಸಕ್ಕೆ ಹೋಗುವವರು ಈ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೋಗಬೇಕು.

ಈ ಕೆಲಸ ನಮ್ಮವರಿಗೆ ಹೊಸದೂ ಅಲ್ಲ. ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ 1953ರಲ್ಲಿ ಕೊರಿಯಾಕ್ಕೆ ಹೋದದ್ದು ಯುದ್ಧ ಮಾಡಲು ಅಲ್ಲ. ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ, ತಾಯ್ನಾಡಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧ ಕೈದಿಗಳ ಇಚ್ಛೆ ಏನೆಂದು ಕೇಳಿ ತಿಳಿಯುವ ಹೊಣೆ ಅವರದಾಗಿತ್ತು. ನಂತರ 1964ರಲ್ಲಿ ಗ್ರೀಕರೂ ತುರ್ಕರೂ ಕಾದಾಡುತ್ತಿದ್ದ ಸೈಪ್ರಸ್‌ಗೆ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿ ಹೋದರು. 1965ರ ಡಿಸೆಂಬರಿನಲ್ಲಿ ಆ ಕೆಲಸದಲ್ಲಿದ್ದಾಗಲೇ ತೀರಿಕೊಂಡರು. ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಈವರೆಗೆ ಎರಡು ಲಕ್ಷಕ್ಕೂ ಹೆಚ್ಚು ಭಾರತೀಯರು ದುಡಿದಿದ್ದಾರೆ, 160ಕ್ಕೂ ಹೆಚ್ಚು ಮಂದಿ ಪ್ರಾಣ ಕೊಟ್ಟಿದ್ದಾರೆ. 2007ರಲ್ಲಿ ಲೈಬೀರಿಯಾಕ್ಕೆ ಹೋದ ಭಾರತದ ಮಹಿಳಾ ಪೊಲೀಸ್ ತುಕಡಿ ವಿಶ್ವಸಂಸ್ಥೆಯ ಇತಿಹಾಸದಲ್ಲೇ ಮೊದಲನೆಯದು.

ಆಯುಧವಿಲ್ಲದ ದಾರಿಯಲ್ಲೂ ನಮ್ಮವರಿದ್ದರು. ಗಾಂಧೀಜಿ ಕಂಡ ಶಾಂತಿಸೇನೆಯ ಕನಸಿಗೆ ವಿನೋಬಾ ಭಾವೆ 1957ರಲ್ಲಿ ರೂಪ ಕೊಟ್ಟರು. ಆ ಸೇನೆಯನ್ನು ನಡೆಸಿದ ನಾರಾಯಣ ದೇಸಾಯಿ, 1981ರಲ್ಲಿ ಕೆನಡಾದಲ್ಲಿ ಹುಟ್ಟಿದ ಪೀಸ್ ಬ್ರಿಗೇಡ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರು. ಇಂದು ದಕ್ಷಿಣ ಸುಡಾನಿನಂಥ ಕಡೆ ಸೌದೆ ತರಲು ಹೋಗುವ ಹೆಂಗಸರ ಜೊತೆ ಬರಿಗೈಯಲ್ಲಿ ನಡೆದು ಕಾವಲಾಗುವ ನಾನ್‌ವಯಲೆಂಟ್ ಪೀಸ್‌ಫೋರ್ಸ್ 2002ರಲ್ಲಿ ಸ್ಥಾಪನೆಯಾದದ್ದು ದೆಹಲಿ ಹತ್ತಿರದ ಸೂರಜ್‌ಕುಂಡದಲ್ಲಿ.

ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಎಸ್.ಎನ್. ಸುಬ್ಬರಾವ್ ಅವರ ಬದುಕನ್ನು ನಮ್ಮ ಯುವಜನರು ವಿಶೇಷವಾಗಿ ಓದಬೇಕು. ಹದಿಮೂರರ ವಯಸ್ಸಿನಲ್ಲೇ 1942ರ ಚಳವಳಿಯಲ್ಲಿ ಬಂಧನಕ್ಕೊಳಗಾದವರು ಅವರು. ಮುಂದೆ ಡಕಾಯಿತರ ಬೀಡಾಗಿದ್ದ ಚಂಬಲ್ ಕಣಿವೆಗೆ ಹೋಗಿ 1970ರಲ್ಲಿ ಜೌರಾದಲ್ಲಿ ಗಾಂಧಿ ಸೇವಾಶ್ರಮ ಕಟ್ಟಿದರು. 1972ರ ಏಪ್ರಿಲ್ 14ರಂದು ಜಯಪ್ರಕಾಶ ನಾರಾಯಣರ ಸಮ್ಮುಖದಲ್ಲಿ ಅದೇ ಜೌರಾದಲ್ಲಿ ಡಕಾಯಿತರು ಬಂದೂಕು ಕೆಳಗಿಟ್ಟರು. ಆಶ್ರಮ ಅಲ್ಲಿಗೆ ಬಾಗಿಲು ಹಾಕಲಿಲ್ಲ. ಸುಬ್ಬರಾವ್ 2021ರಲ್ಲಿ ತೀರಿಕೊಳ್ಳುವವರೆಗೂ ದೇಶದ ಮೂಲೆ ಮೂಲೆಯಲ್ಲಿ ಯುವಜನ ಶಿಬಿರ ನಡೆಸಿದರು. ಶರಣಾಗತಿಗೆ ಮೊದಲೇ ಅಲ್ಲಿದ್ದವರು, ಶರಣಾಗತಿ ಮುಗಿದ ಮೇಲೂ ಅಲ್ಲಿ ಉಳಿದವರು. ಎರಡು ವಾರದ ಪ್ರವಾಸದಿಂದ ಇಂಥದ್ದು ಆಗುವುದಿಲ್ಲ.

ಆ ಜಾಹೀರಾತಿಗೆ ನನ್ನ ಆಕ್ಷೇಪ ಇದೇ. ದುಡ್ಡು ಪಡೆದು ಕರೆದೊಯ್ಯುವವರಿಗೆ ನೋವಿರುವ ಊರು ಬೇಕು, ಆ ನೋವು ಮುಗಿದರೆ ಅವರ ವ್ಯಾಪಾರವೂ ಮುಗಿಯುತ್ತದೆ. ಕಾಂಬೋಡಿಯಾದಲ್ಲಿ ಏನಾಯಿತು ನೋಡಿ. ಅನಾಥಾಲಯಗಳಲ್ಲಿ ಸೇವೆ ಮಾಡಲು ಹೊರದೇಶದವರು ಹಣ ತೆತ್ತು ಬರತೊಡಗಿದರು, ಅನಾಥಾಲಯಗಳೂ ಹೆಚ್ಚಿದವು. ಅಲ್ಲಿದ್ದ ನಾಲ್ವರು ಮಕ್ಕಳಲ್ಲಿ ಸುಮಾರು ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ ಎಂದು ಯುನಿಸೆಫ್ 2011ರಲ್ಲಿ ಹೇಳಿತು. ಅದಕ್ಕಿಂತ ಕೆಟ್ಟ ಮೋಸವೂ ಇದೆ. ಸಹಾಯಕರ ಕೆಲಸ ಎಂದು ಏಜೆಂಟರು ಹೇಳಿದ್ದನ್ನು ನಂಬಿ ರಷ್ಯಾಕ್ಕೆ ಹೋದ ಕಲಬುರಗಿಯ ಯುವಕರು ಉಕ್ರೇನ್ ಯುದ್ಧಭೂಮಿಯಲ್ಲಿ ಸಿಕ್ಕಿಬಿದ್ದು, 2024ರಲ್ಲಿ ಜೀವ ಉಳಿಸಿಕೊಂಡು ಮರಳಿದ್ದನ್ನು ನಾವೆಲ್ಲ ಓದಿದ್ದೇವೆ.

ಸರಿಯಾದ ದಾರಿಗೆ ದುಡ್ಡು ಕೊಡಬೇಕಿಲ್ಲ. ವಿಶ್ವಸಂಸ್ಥೆ ಯಾವ ಹಂತದಲ್ಲೂ ಅರ್ಜಿದಾರರಿಂದ ಶುಲ್ಕ ಪಡೆಯುವುದಿಲ್ಲ. ಜರ್ಮನಿಯ ಬಾನ್ ನಗರದಲ್ಲಿ ಕೇಂದ್ರವಿರುವ ಅದರ ಸ್ವಯಂಸೇವಕರ ವಿಭಾಗ ಆಯ್ಕೆಯಾದವರಿಗೆ ಜೀವನ ಭತ್ಯೆ ಕೊಟ್ಟು ಕರೆಸಿಕೊಳ್ಳುತ್ತದೆ. 18ರಿಂದ 26ರ ವಯಸ್ಸಿನವರಿಗೆ ಯುವ ಸ್ವಯಂಸೇವಕರ ಬೇರೆ ವರ್ಗವೇ ಇದೆ. ಯಾವುದೇ ಸಂಸ್ಥೆಯ ಮೂಲಕ ಹೋಗುವುದಾದರೂ ಕೇಳಬೇಕಾದ ಪ್ರಶ್ನೆಗಳು ಕೆಲವೇ. ಅಲ್ಲಿನ ಜನ ನಿಮ್ಮನ್ನು ಕರೆದಿದ್ದಾರೆಯೇ? ಒಂದು ವರ್ಷವಾದರೂ ಇರಲು ಬಿಡುತ್ತಾರೆಯೇ? ಭಾಷೆ ಕಲಿಸುತ್ತಾರೆಯೇ? ವಿಮೆ ಇದೆಯೇ, ಪರಿಸ್ಥಿತಿ ಕೆಟ್ಟರೆ ಹೊರಗೆ ಕರೆತರುವ ವ್ಯವಸ್ಥೆ ಇದೆಯೇ? ನಿಮ್ಮ ಮೇಲೆ ದೂರು ಬಂದರೆ ಅದನ್ನು ಕೇಳುವವರು ಯಾರು? ಇವಕ್ಕೆ ಬರಹದಲ್ಲಿ ಉತ್ತರ ಸಿಗದಿದ್ದರೆ ಹೊರಡಬೇಡಿ.

ಇನ್ನು ಕಲಿಕೆಯ ಮಾತು. ಒಳ್ಳೆಯ ಉದ್ದೇಶವೊಂದೇ ಸಾಲದು ಎಂಬುದಕ್ಕೆ ಸೊರಬದವರಾದ ನಾವು ದೂರದ ಉದಾಹರಣೆ ಹುಡುಕಬೇಕಿಲ್ಲ. 1986ರ ಮಾರ್ಚಿನಲ್ಲಿ ಚಂದ್ರಗುತ್ತಿಯ ಜಾತ್ರೆಯಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಗುಂಪು ಹಲ್ಲೆ ಮಾಡಿತು, ಬಟ್ಟೆ ಕಳಚಿ ಅವಮಾನಿಸಿತು. ಕಾರ್ಯಕರ್ತರ ಕಾಳಜಿ ನೂರಕ್ಕೆ ನೂರು ನ್ಯಾಯವಾದದ್ದು. ಹೆಣ್ಣುಮಕ್ಕಳ ಮಾನಕ್ಕಾಗಿ ನಿಂತವರು ಅವರು. ಹಲ್ಲೆಗೆ ಸಮರ್ಥನೆಯೇ ಇಲ್ಲ. ನಂತರ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಆಯೋಗ ವಿಚಾರಣೆ ನಡೆಸಿತು, ಆ ಸೇವೆ ನಿಷೇಧವಾಯಿತು. ಆದರೆ ಸಾವಿರಾರು ಭಕ್ತರು ಹರಕೆ ಹೊತ್ತು ಬಂದು ನಿಂತ ದಿನ ಮಾತುಕತೆಯ ದಿನವಲ್ಲ. ಆ ಹರಕೆ ಹೊತ್ತ ಮನೆಗಳಿಗೆ ತಿಂಗಳುಗಳ ಮೊದಲೇ ಹೋಗಿ ಕೂರುವ ಕೆಲಸವನ್ನು ಸರ್ಕಾರ ಮಾಡಬೇಕಿತ್ತು, ಮಾಡಲಿಲ್ಲ. ಪರದೇಶದ ಜಗಳದ ನಡುವೆ ಹೋಗಿ ನಿಲ್ಲುವವರು ಮೊದಲು ಓದಬೇಕಾದ ಪಾಠ ಚಂದ್ರಗುತ್ತಿಯದು.

ಶಿಕಾರಿಪುರದ ಈಸೂರು ಇನ್ನೊಂದು ಪಾಠ. 1942ರಲ್ಲಿ ತಮ್ಮೂರಿಗೆ ತಾವೇ ಸ್ವಾತಂತ್ರ್ಯ ಘೋಷಿಸಿಕೊಂಡ ಈಸೂರಿನ ಜನರ ಧೈರ್ಯಕ್ಕೆ ನಾಡೇ ತಲೆಬಾಗುತ್ತದೆ. ಸೆಪ್ಟೆಂಬರ್ 28ರಂದು ಊರಿಗೆ ಬಂದ ಅಮಲ್ದಾರರಿಗೂ ಪೊಲೀಸರಿಗೂ ಜನರಿಗೂ ಮಾತಿಗೆ ಮಾತು ಬೆಳೆದು ಬಂದೂಕು ಸಿಡಿಯಿತು, ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಸತ್ತರು. 1943ರ ಮಾರ್ಚಿನಲ್ಲಿ ಊರಿನ ಐವರು ಗಲ್ಲಿಗೇರಿದರು. ಜನರಿಗೂ ಅಧಿಕಾರಕ್ಕೂ ನಡುವೆ ನಿಂತು ಮಾತಾಡಬಲ್ಲವರು ಇಲ್ಲದಿದ್ದರೆ ಒಂದು ಗಳಿಗೆಯಲ್ಲಿ ಏನಾಗಬಹುದು ಎಂಬುದನ್ನು ಆ ದಿನ ಹೇಳುತ್ತದೆ.

ಪಕ್ಕದ ಸಾಗರ ತಾಲ್ಲೂಕಿನ ಕಾಗೋಡು ಮೂರನೆಯ ಪಾಠ. ಗೇಣಿ ಅಳೆಯುವ ಕೊಳಗದ ಗಾತ್ರಕ್ಕೆ ಶುರುವಾದ ತಕರಾರು 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳ್ತನದಲ್ಲಿ ಸತ್ಯಾಗ್ರಹವಾಯಿತು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಗೇಣಿದಾರರು ಕೈಯೆತ್ತದೆ ಜೈಲಿಗೆ ಹೋದರು. ಉಳುವವನೇ ಹೊಲದೊಡೆಯ ಎಂಬುದು ಗಟ್ಟಿ ಕಾನೂನಾಗಿ ಬಂದದ್ದು 1974ರಲ್ಲಿ. ಗೇಣಿದಾರರಿಗೆ ಸುಮ್ಮನಿರಿ ಎಂದು ಹೇಳುವುದು ಶಾಂತಿಯ ಕೆಲಸವಲ್ಲ, ಕೊಳಗವನ್ನು ಸರಿಮಾಡುವುದು ಶಾಂತಿಯ ಕೆಲಸ. ಹೊರದೇಶಕ್ಕೆ ಹೋಗುವ ಸ್ವಯಂಸೇವಕರಲ್ಲಿ ಇದನ್ನು ಅರಿಯದವರು ಬಲವಂತರ ಪಕ್ಷಕ್ಕೆ ತಮಗೆ ಗೊತ್ತಿಲ್ಲದೆಯೇ ಸೇರಿಬಿಡುತ್ತಾರೆ.

ಇಂದಿಗೂ ನಮ್ಮಲ್ಲಿ ಜಗಳಗಳಿಗೆ ಕೊರತೆಯಿಲ್ಲ. ದಂಡಾವತಿ ಅಣೆಕಟ್ಟಿನ ಯೋಜನೆಯನ್ನು ಜಮೀನು ಕಳೆದುಕೊಳ್ಳಲಿದ್ದ ರೈತರು ವಿರೋಧಿಸಿದರು. 2023ರ ಮಾರ್ಚಿನಲ್ಲಿ ಒಳಮೀಸಲಾತಿ ವಿಷಯಕ್ಕೆ ಶಿಕಾರಿಪುರದಲ್ಲಿ ನಡೆದ ಪ್ರತಿಭಟನೆ ಕಲ್ಲುತೂರಾಟ, ಲಾಠಿ, ನಿಷೇಧಾಜ್ಞೆಯಲ್ಲಿ ಮುಗಿಯಿತು. ಹೋರಿ ಹಬ್ಬದಲ್ಲಿ ಎದ್ದ ಮಾತು ಊರಿಂದೂರಿಗೆ ಹಗೆಯಾಗುತ್ತದೆ. ಗಣೇಶನ ಮೆರವಣಿಗೆ ಯಾವ ರಸ್ತೆಯಲ್ಲಿ ಹೋಗಬೇಕು ಎಂಬುದು ಪ್ರತಿ ವರ್ಷದ ಪ್ರಶ್ನೆ. ಇದಕ್ಕೆಲ್ಲ ನಮ್ಮಲ್ಲಿರುವ ಒಂದೇ ಏರ್ಪಾಡು ಶಾಂತಿ ಸಮಿತಿ ಸಭೆ. ಹಬ್ಬ ಹತ್ತಿರ ಬಂದಾಗ ಠಾಣೆಯಲ್ಲೋ ತಾಲ್ಲೂಕು ಕಚೇರಿಯಲ್ಲೋ ಸೇರುತ್ತೇವೆ. ಮುಂದಿನ ಸಾಲಿನಲ್ಲಿ ಪ್ರತಿ ವರ್ಷದ ಅದೇ ಮುಖಗಳು, ಅಧಿಕಾರಿಗಳ ಎಚ್ಚರಿಕೆ, ಚಹಾ, ಮುಕ್ತಾಯ. ಹೆಂಗಸರು ಒಬ್ಬಿಬ್ಬರು. ಮೆರವಣಿಗೆಯಲ್ಲಿ ನಿಜವಾಗಿ ಕುಣಿಯುವ ವಯಸ್ಸಿನವರು ಒಬ್ಬರೂ ಇರುವುದಿಲ್ಲ. ನಾನೂ ಆ ಸಭೆಗಳಲ್ಲಿ ಕೂತಿದ್ದೇನೆ. ಗೋಮಾದ ಆ ಸ್ವಯಂಸೇವಕಿ ಮಾಡುತ್ತಿದ್ದ ಕೆಲಸಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಬದಲಾವಣೆಗೆ ಹೊಸದೇನನ್ನೂ ಹುಟ್ಟುಹಾಕಬೇಕಿಲ್ಲ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಸಮುದಾಯ ಮಧ್ಯಸ್ಥಿಕೆಗೆಂದೇ ಒಂದು ಅಧ್ಯಾಯವಿದೆ. ನೆರೆಹೊರೆಯ ನೆಮ್ಮದಿ ಕದಡಬಹುದಾದ ವ್ಯಾಜ್ಯವನ್ನು, ಎರಡೂ ಕಡೆಯವರು ಒಪ್ಪಿದರೆ, ಮೂವರ ತಂಡ ಕೂತು ಬಗೆಹರಿಸಬಹುದು ಎನ್ನುತ್ತದೆ ಅದು. ಜನ ಗೌರವಿಸುವ, ನಡತೆಯಲ್ಲಿ ನೇರವಾದ ಸ್ಥಳೀಯರು ಇಂಥ ತಂಡದಲ್ಲಿರಬಹುದು, ಹೆಣ್ಣುಮಕ್ಕಳ ಪ್ರಾತಿನಿಧ್ಯವನ್ನೂ ಗಮನಿಸಬೇಕು. ಕೋರ್ಟಿನ ಡಿಕ್ರಿಯ ಬಲ ಈ ಒಪ್ಪಂದಕ್ಕಿಲ್ಲ, ಇದು ನಿಲ್ಲುವುದು ಜನರ ಮಾತಿನ ಮೇಲೆ. ನಮ್ಮ ಎರಡೂ ತಾಲ್ಲೂಕುಗಳಿಗೆ ಸಾಗರದ ಉಪವಿಭಾಗಾಧಿಕಾರಿಯವರಿದ್ದಾರೆ, ಕಾನೂನು ಸೇವಾ ಸಮಿತಿಗಳಿವೆ, ಅರೆಕಾಲಿಕ ಕಾನೂನು ಸ್ವಯಂಸೇವಕರಿದ್ದಾರೆ. ಈ ಮೂವರನ್ನು ಕೂಡಿಸಿ ಹೋಬಳಿಗೊಂದು ತಂಡ ಕಟ್ಟಿ, ತಿಂಗಳಿಗೊಮ್ಮೆ ಸೇರಲಿ. ಅರ್ಧದಷ್ಟು ಸ್ಥಾನ ಹೆಂಗಸರಿಗಿರಲಿ. ಸ್ವಸಹಾಯ ಸಂಘಗಳಲ್ಲಿ ಸಾಲ ವಸೂಲಿಯ ಜಗಳಗಳನ್ನು ವರ್ಷಗಳಿಂದ ಬಗೆಹರಿಸಿದ ಅಕ್ಕಂದಿರು ಪ್ರತಿ ಊರಿನಲ್ಲೂ ಇದ್ದಾರೆ.

ಕಾಲೇಜುಗಳ ಪಾತ್ರ ಇಲ್ಲೇ ಬರುತ್ತದೆ. ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರದಲ್ಲಿ ರಸ್ತೆ ಗುಡಿಸುವುದರ ಜೊತೆಗೆ ಪಹಣಿ ಓದುವುದು, ಸರ್ವೆ ನಕ್ಷೆ ಅರ್ಥ ಮಾಡಿಕೊಳ್ಳುವುದು, ಎರಡೂ ಕಡೆಯ ಮಾತನ್ನು ತನ್ನ ಅಭಿಪ್ರಾಯ ಬೆರೆಸದೆ ಬರೆದುಕೊಳ್ಳುವುದು, ವಾಟ್ಸ್ಆ್ಯಪಿನಲ್ಲಿ ಬಂದ ಸುದ್ದಿಯನ್ನು ಹಂಚುವ ಮೊದಲು ಊರಿಗೆ ಫೋನ್ ಮಾಡಿ ವಿಚಾರಿಸುವುದು ಇವನ್ನು ಕಲಿಸಲಿ. ಕುವೆಂಪು ವಿಶ್ವವಿದ್ಯಾಲಯ ಇದಕ್ಕೊಂದು ಪಠ್ಯ ರೂಪಿಸಲಿ. ಎರಡು ವರ್ಷ ಹೋಬಳಿ ತಂಡದಲ್ಲಿ ದುಡಿದ ಯುವಕ ಯುವತಿಗೆ ಜಿಲ್ಲಾಡಳಿತ ಒಂದು ಪತ್ರ ಕೊಡಲಿ. ಲಕ್ಷ ರೂಪಾಯಿ ಕೊಟ್ಟು ತಂದ ಪ್ರಮಾಣಪತ್ರಕ್ಕಿಂತ ಆ ಪತ್ರಕ್ಕೆ ಹೊರದೇಶದಲ್ಲಿ ಹೆಚ್ಚು ಬೆಲೆ ಇರುತ್ತದೆ. ಅಂಥವರು ಮಸೀಸಿಯ ದನದ ದಾರಿಯಲ್ಲಿ ಏನು ಕೇಳಬೇಕೆಂದು ತಾವಾಗಿಯೇ ತಿಳಿಯುತ್ತಾರೆ.

ಇಲ್ಲೇ ಇಷ್ಟು ಕೆಲಸವಿರುವಾಗ ಹೊರದೇಶಕ್ಕೆ ಯಾಕೆ ಹೋಗಬೇಕು ಎಂದು ಕೆಲವರು ಕೇಳುತ್ತಾರೆ. ಯುದ್ಧ ದೂರದ್ದು ಎಂದುಕೊಂಡಿದ್ದ ಕಾಲ ಮುಗಿದಿದೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ನಮ್ಮ ನೆರೆಯ ಹಾವೇರಿ ಜಿಲ್ಲೆಯ ಚಳಗೇರಿಯ ಹುಡುಗ. 2023ರ ಏಪ್ರಿಲಿನಲ್ಲಿ ಸುಡಾನಿನ ಕಾಳಗದಲ್ಲಿ ಸಿಕ್ಕಿಬಿದ್ದವರಲ್ಲಿ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನರಿದ್ದರು. ಅಲ್ಲಿ ಹೊತ್ತಿದ ಬೆಂಕಿ ಇಲ್ಲಿಯ ಮನೆ ಸುಡುತ್ತದೆ ಎಂದ ಮೇಲೆ ಅದನ್ನು ಆರಿಸಲು ಇಲ್ಲಿಯವರೂ ಹೋಗಬೇಕು. ಜೊತೆಗೆ, ಆ ನೆಲದಲ್ಲಿ ಪಾಲು ಕೇಳದ ಹೊರಗಿನವರ ಮಾತನ್ನು ಎರಡೂ ಕಡೆಯವರು ಕೇಳುವ ಸಂದರ್ಭಗಳು ಇದ್ದೇ ಇರುತ್ತವೆ. ಹೋಗಿ ಬಂದವರು ಊರಿಗೆ ತರುವ ಅನುಭವವೂ ನಮಗೆ ಬೇಕು.

ತಂದೆ ತಾಯಂದಿರಲ್ಲಿ ನನ್ನ ಬಿನ್ನಹ ಇಷ್ಟೇ: ಶುಂಠಿ ಮಾರಿದ ದುಡ್ಡನ್ನು ಏಜೆಂಟರಿಗೆ ಕೊಡಬೇಡಿ, ಮಕ್ಕಳ ಆಸೆಯನ್ನೂ ಚಿವುಟಬೇಡಿ. ಶಿಕಾರಿಪುರ ಮತ್ತು ಸೊರಬದ ತಹಶೀಲ್ದಾರರು ಮುಂದಿನ ಗಣೇಶ ಹಬ್ಬದ ಸಭೆಯವರೆ‌ಗೆ ಕಾಯದೆ ಹೋಬಳಿ ತಂಡಗಳ ರಚನೆಗೆ ಉಪವಿಭಾಗಾಧಿಕಾರಿಯವರಿಗೆ ಪತ್ರ ಬರೆಯಲಿ, ಆಸಕ್ತರಿಂದ ಅರ್ಜಿ ಕರೆಯಲಿ. ಆನವಟ್ಟಿ ಹೋಬಳಿಯ ಮೊದಲ ಅರ್ಜಿ ನನ್ನದೇ ಇರುತ್ತದೆ.